ಒಂದು ಗ್ರಾಂ ಚಿನ್ನ, ಎರಡೂವರೆ ಕಿಲೋಮೀಟರ್

ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ಈಗ ಏಳುತ್ತಿರುವ ಯಾವುದಾದರೂ ಮನೆಯ ಸ್ಲ್ಯಾಬ್ ಹತ್ತಿ ನೋಡಿ. ಕಾಂಕ್ರೀಟ್ ಹಾಕುವ ಹಿಂದಿನ ದಿನವಾದರೆ ಒಳ್ಳೆಯದು, ಎಲ್ಲವೂ ಕಣ್ಣಿಗೆ ಬಿದ್ದಿರುತ್ತದೆ. ಅಡ್ಡಕ್ಕೂ ಉದ್ದಕ್ಕೂ ಹಾಸಿದ ಕಂಬಿಗಳು ಒಂದನ್ನೊಂದು ದಾಟುವಲ್ಲಿ ಪುಟ್ಟ ಪುಟ್ಟ ಗಂಟುಗಳಿವೆ. ಕಂಬಿ ಕಟ್ಟುವವರು ಕಪ್ಪು ಬೈಂಡಿಂಗ್ ವೈರನ್ನು ಗೇಣುದ್ದಕ್ಕೆ ಜೋಡಿ ಮಡಚಿ, ಕಂಬಿಯ ಅಡಿಯಿಂದ ತೂರಿಸಿ, ಕೊಕ್ಕೆ ಹಾಕಿ ಎರಡು ಸುತ್ತು ತಿರುಚುತ್ತಾರೆ. ಒಂದು ಗಂಟಿಗೆ ನಾಲ್ಕೈದು ಸೆಕೆಂಡು ಸಾಕು. ಅಷ್ಟರಲ್ಲಿ ಕೈ ಮುಂದಿನ ಗಂಟಿಗೆ ಹೋಗಿರುತ್ತದೆ.

ಈ ಗಂಟುಗಳ ಲೆಕ್ಕ ಹಾಕೋಣ. ಸಾವಿರ ಚದರ ಅಡಿ ಕಟ್ಟಡಕ್ಕೆ ನಾಲ್ಕು ಟನ್ ಕಂಬಿ, ಟನ್ ಕಂಬಿಗೆ ಎಂಟರಿಂದ ಹತ್ತು ಕಿಲೋ ಬೈಂಡಿಂಗ್ ವೈರ್ ಎಂಬುದು ಕಟ್ಟಡದವರ ವಾಡಿಕೆಯ ಅಂದಾಜು. ಇಪ್ಪತ್ತು ಗೇಜಿನ ವೈರ್ 1 ಮಿಲಿಮೀಟರಿಗಿಂತ ಕೊಂಚ ತೆಳು, ಕಿಲೋಗೆ ಸುಮಾರು 190 ಮೀಟರ್ ಬರುತ್ತದೆ. ಅಂದರೆ ಒಂದು ಸಾಧಾರಣ ಮನೆಯ ಕಂಬ, ಬೀಮು, ಸ್ಲ್ಯಾಬುಗಳೊಳಗೆ ಏಳು ಕಿಲೋಮೀಟರಿನಷ್ಟು ತಿರುಚಿದ ತಂತಿ ಹೂತುಹೋಗಿರುತ್ತದೆ. ಬಿಚ್ಚಿ ನೇರ ಎಳೆದರೆ ಹರಿಹರದ ದಾರಿ ಅರ್ಧ ಮುಗಿಯುತ್ತದೆ. ಗಂಟೊಂದಕ್ಕೆ 30 ಸೆಂಟಿಮೀಟರ್ ಎಂದರೆ ಇಪ್ಪತ್ತು ಸಾವಿರಕ್ಕೂ ಮೀರಿದ ಗಂಟುಗಳು. ಗೃಹಪ್ರವೇಶದ ದಿನ ಟೈಲ್ಸ್ ನೋಡಿ ಹೊಗಳುವವರು ಬಹಳ. ಆ ಇಪ್ಪತ್ತು ಸಾವಿರ ಗಂಟುಗಳನ್ನು ನೆನೆದವರನ್ನು ನಾನು ಕಂಡಿಲ್ಲ.

ಲೋಹವನ್ನು ಎಳೆಯಾಗಿಸುವ ವಿದ್ಯೆಯಲ್ಲಿ ಒಂದು ಗಣಿತವಿದೆ. ತಂತಿಯ ದಪ್ಪ ಅರ್ಧಕ್ಕಿಳಿದರೆ ಉದ್ದ ಎರಡು ಪಟ್ಟಲ್ಲ, ನಾಲ್ಕು ಪಟ್ಟು ಆಗುತ್ತದೆ. ದಪ್ಪ ಹತ್ತರಲ್ಲೊಂದಾದರೆ ಉದ್ದ ನೂರು ಪಟ್ಟು, ಇಪ್ಪತ್ತರಲ್ಲೊಂದಾದರೆ ನಾನೂರು ಪಟ್ಟು. ಒಂದು ಕಣ ಲೋಹವನ್ನೂ ಹೊಸದಾಗಿ ಸೇರಿಸಬೇಕಿಲ್ಲ. ಬೇಕಾದ್ದು ಕೈ, ಬೆಂಕಿ, ತಾಳ್ಮೆ. ಹಾಗಾಗಿ ತಂತಿಯ ಚರಿತ್ರೆ ಗಣಿಯವರಿಗಿಂತ ಹೆಚ್ಚಾಗಿ ಕುಶಲಕರ್ಮಿಗಳ ಚರಿತ್ರೆ ಎಂದು ನನ್ನ ಗಟ್ಟಿ ನಂಬಿಕೆ. ಅದರ ಬೆರಗಿನ ಅಧ್ಯಾಯವೊಂದು ಎರಡು ಸಾವಿರ ವರ್ಷದ ಹಿಂದೆ ರೋಮಿನಲ್ಲಿ ನಡೆಯಿತು.

ನಮ್ಮ ಅಕ್ಕಸಾಲಿಗರು ತಂತಿ ತೆಗೆಯುವುದು ಅಚ್ಚಿನಲ್ಲಿ. ಉಕ್ಕಿನ ತಗಡಿನಲ್ಲಿ ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ತೂತುಗಳಿರುತ್ತವೆ. ಚಿನ್ನದ ಕಡ್ಡಿಯ ತುದಿ ಚೂಪು ಮಾಡಿ ತೂರಿಸಿ, ಇಕ್ಕಳದಲ್ಲಿ ಹಿಡಿದು ಎಳೆಯುತ್ತಾರೆ. ನಾಲ್ಕಾರು ತೂತು ದಾಟಿದ ಮೇಲೆ ಲೋಹ ಬಿರುಸಾಗುತ್ತದೆ, ಕಾಸಿ ಮೆತ್ತಗೆ ಮಾಡಿಕೊಂಡು ಮತ್ತೆ ಎಳೆಯುತ್ತಾರೆ. ರೋಮಿನ ಅಕ್ಕಸಾಲಿಗರಿಗೆ ಚಿನ್ನಕ್ಕೆ ಈ ಅಚ್ಚಿನ ರೂಢಿ ಇರಲಿಲ್ಲ. ಎಳೆದು ತೆಗೆದ ಚಿನ್ನದ ತಂತಿ ಸಾಮಾನ್ಯವಾಗಿ ಕಾಣಸಿಗುವುದು ರೋಮ್ ಸಾಮ್ರಾಜ್ಯ ಕುಸಿದ ಮೇಲಿನ ಶತಮಾನಗಳಲ್ಲಿ. ಅವರು ಚಿನ್ನವನ್ನು ತಗಡಾಗಿ ತಟ್ಟಿ, ಅಂಚಿನಿಂದ ಕಿರಿದಾದ ಪಟ್ಟಿ ಕತ್ತರಿಸಿ, ಆ ಪಟ್ಟಿಯನ್ನು ತಿರುಚುತ್ತಿದ್ದರು. ತಿರುಚಿದ್ದನ್ನು ಎರಡು ನುಣುಪು ಹಲಗೆಗಳ ನಡುವೆ ಇಟ್ಟು ಉರುಳಿಸುತ್ತಿದ್ದರು. ಪಟ್ಟಿ ಸುರುಳಿ ಸುತ್ತಿಕೊಂಡು ದುಂಡಗಾಗುತ್ತಿತ್ತು. ಎಷ್ಟೋ ಸಲ ಒಳಗೆ ಪೊಳ್ಳು ಉಳಿಯುತ್ತಿತ್ತು. ಇನ್ನೊಂದು ಬಗೆಯಲ್ಲಿ ಚೌಕನೆಯ ಕಡ್ಡಿಯನ್ನೇ ಬಿಗಿಯಾಗಿ ತಿರುಚಿ, ಉರುಳಿಸಿ ದುಂಡು ಮಾಡುತ್ತಿದ್ದರು.

ಈ ಶ್ರಮದ ಗುರುತು ಇವತ್ತಿಗೂ ಅಳಿಸಿಲ್ಲ. ರೋಮನ್ ಓಲೆಯೊಂದನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ತಂತಿಯ ಮೈಮೇಲೆ ಓರೆಯಾಗಿ ಸುತ್ತುತ್ತ ಹೋಗುವ ಗೆರೆ ಕಾಣುತ್ತದೆ. ಅಚ್ಚಿನಲ್ಲಿ ಎಳೆದ ತಂತಿಯಾದರೆ ಗೆರೆಗಳು ಉದ್ದುದ್ದಕ್ಕೆ ನೇರ. ಪುರಾತನವೆಂದು ಮಾರಾಟಕ್ಕೆ ಬಂದ ಒಡವೆಯಲ್ಲಿ ನೇರ ಗೆರೆ ಕಂಡರೆ ತಜ್ಞರಿಗೆ ಅನುಮಾನ ಶುರುವಾಗುತ್ತದೆ. ಅರ್ಧ ಮಿಲಿಮೀಟರ್ ದಪ್ಪದ ತಂತಿಯಲ್ಲಿ ಒಬ್ಬ ಕೆಲಸಗಾರನ ಬೆರಳು ಯಾವ ಕಡೆಗೆ ತಿರುಗಿತ್ತು ಎಂದು ಎರಡು ಸಾವಿರ ವರ್ಷದ ಮೇಲೂ ಹೇಳಬಹುದು ಎಂಬುದು ನನಗೆ ದೊಡ್ಡ ಸಂಗತಿ.

ಹೀಗೆ ಮಾಡಿದ ಎಳೆಗಳನ್ನು ಮತ್ತೆ ಜೋಡಿ ಜೋಡಿಯಾಗಿ ಹೊಸೆಯುತ್ತಿದ್ದರು. ಬಲಕ್ಕೆ ಹೊಸೆದ ಜೋಡಿಯ ಪಕ್ಕ ಎಡಕ್ಕೆ ಹೊಸೆದ ಜೋಡಿ ಇಟ್ಟು ಬೆಸೆದರೆ ಕಣ್ಣಿಗೆ ಜಡೆ ಹೆಣೆದ ಹಾಗೆ ಕಾಣುತ್ತದೆ, ಆದರೆ ಅಲ್ಲಿ ಹೆಣಿಗೆ ಇಲ್ಲವೇ ಇಲ್ಲ. ನಿಜವಾದ ಹೆಣಿಗೆ ಇದ್ದದ್ದು ಸರಗಳಲ್ಲಿ. ತಂತಿಯ ಬಳೆಯೊಂದನ್ನು ಬೆಸೆದು ಮುಚ್ಚಿ, ಒತ್ತಿ ಉದ್ದ ಮಾಡಿ, ನಡುವಿಗೆ ಮಡಚಿ, ಅದರ ಎರಡೂ ಕಿವಿಗಳಲ್ಲಿ ಮುಂದಿನ ಬಳೆ ತೂರಿಸುವುದು; ಅದನ್ನೂ ಮಡಚಿ ಇನ್ನೊಂದು. ಹೀಗೆ ಬೆಳೆದ ಸರ ಹಾವಿನಷ್ಟು ಮೆತ್ತಗೆ ಬಾಗುತ್ತದೆ, ಬಿಚ್ಚಿಕೊಳ್ಳುವುದಿಲ್ಲ. ದಾವಣಗೆರೆಯ ಮಂಡಿಪೇಟೆ, ಚೌಕಿಪೇಟೆಯ ಕಡೆ ಬೆಳ್ಳಿ ಅಂಗಡಿಗಳಲ್ಲಿ ತೂಗುಹಾಕಿದ ಉಡಿದಾರಗಳನ್ನು, ಕರಡಿಗೆಗೆ ಹಾಕುವ ಬೆಳ್ಳಿ ಸರಪಳಿಗಳನ್ನು ನೋಡಿ ಬೆಳೆದವರಿಗೆ ರೋಮನ್ ಸರಗಳ ಚಿತ್ರ ಕಂಡರೆ ಪರದೇಶದ್ದು ಅನ್ನಿಸುವುದೇ ಇಲ್ಲ.

ಒಡವೆಯಲ್ಲಿ ತಂತಿ ಕೆಲವು ಮೀಟರ್. ದಂಡಿನಲ್ಲಿ ಅದು ಸಾವಿರಾರು ಕಿಲೋಮೀಟರ್.

ರೋಮನ್ ಸೈನಿಕ ತೊಡುತ್ತಿದ್ದ ಬಳೆಗವಚ, ಲೋರಿಕಾ ಹಮಾಟಾ, ಕಬ್ಬಿಣದ ಬಳೆಗಳನ್ನು ಕೊಂಡಿ ಹಾಕಿ ಮಾಡಿದ ಅಂಗಿ. ಪ್ರತಿ ಬಳೆಗೂ ಸುತ್ತಲಿನ ನಾಲ್ಕು ಬಳೆಗಳ ನಂಟು. ಒಂದು ಅಂಗಿಗೆ 30,000 ಬಳೆಗಳಾದರೂ ಬೇಕು. ಒಂದು ಸಾಲು ತಗಡಿನಿಂದ ಇಡಿಯಾಗಿ ಕೊರೆದ ಬಳೆಗಳದ್ದು, ಅವಕ್ಕೆ ಬೆಸುಗೆ ಬೇಡ. ಅದರ ಪಕ್ಕದ ಸಾಲಿನದು ತಂತಿಯ ಬಳೆ. ಅದರ ಎರಡು ತುದಿಗಳನ್ನು ಒಂದರ ಮೇಲೊಂದು ತಂದು, ಚಪ್ಪಟೆ ತಟ್ಟಿ, ತೂತು ಮಾಡಿ, ರಿವೆಟ್ ಹೊಡೆದು ಮುಚ್ಚಬೇಕು. ತಂತಿಯ ದಪ್ಪ ಒಂದು ಮಿಲಿಮೀಟರಿನ ಆಸುಪಾಸು. ಅದರಲ್ಲಿ ತೂತು, ಆ ತೂತಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಮೊಳೆ!

ಬಳೆಯ ಅಗಲ 7 ಮಿಲಿಮೀಟರ್ ಎಂದಿಟ್ಟುಕೊಂಡರೆ ಒಂದಕ್ಕೆ 22 ಮಿಲಿಮೀಟರ್ ತಂತಿ. ಅರ್ಧ ಬಳೆಗಳು ತಂತಿಯವು, ಅಂದರೆ 15,000. ಒಂದು ಅಂಗಿಗೆ 330 ಮೀಟರ್. ಒಂದು ಲೀಜನ್ ಎಂದರೆ ಸುಮಾರು 5,000 ಸೈನಿಕರು. ಅಷ್ಟೂ ಜನಕ್ಕೆ ಅಂಗಿ ಹೊದಿಸಲು 1,650 ಕಿಲೋಮೀಟರ್ ಕಬ್ಬಿಣದ ತಂತಿ. ದಾವಣಗೆರೆಯಿಂದ ಬೆಂಗಳೂರಿಗೆ ಮೂರು ಸಲ ಹೋಗಿ ಮೂರು ಸಲ ಬರುವಷ್ಟು. ಬಳೆಗಳ ಒಟ್ಟು ಸಂಖ್ಯೆ 15 ಕೋಟಿ. ಕ್ರಿ.ಶ. 14ರಲ್ಲಿ ಚಕ್ರವರ್ತಿ ಅಗಸ್ಟಸ್ ತೀರಿಕೊಂಡಾಗ ರೋಮಿನ ಬಳಿ ಇಂಥ 25 ಲೀಜನ್‌ಗಳಿದ್ದವು. ಎಲ್ಲರೂ ಬಳೆಗವಚವನ್ನೇ ತೊಡುತ್ತಿರಲಿಲ್ಲ, ಪಟ್ಟಿಕವಚದವರೂ ಇದ್ದರು. ಆದರೆ ಲೀಜನ್ ಹೊರಗಿನ ಸಹಾಯಕ ಪಡೆಗಳಲ್ಲೂ ಬಳೆಗವಚ ತೊಟ್ಟವರು ಬಹಳ ಮಂದಿ.

ಒಂದು ರಿವೆಟ್ಟಿಗೆ ಒಂದು ನಿಮಿಷ ಎಂದರೂ ಒಂದು ಅಂಗಿಯ ರಿವೆಟ್ ಮಾತ್ರಕ್ಕೆ 250 ಗಂಟೆ, ದಿನಕ್ಕೆ ಎಂಟು ಗಂಟೆಯಂತೆ ಒಂದು ತಿಂಗಳು. ತಂತಿ ಮಾಡುವುದು, ಸುತ್ತುವುದು, ಕತ್ತರಿಸುವುದು, ತಗಡು ಕೊರೆಯುವುದು ಎಲ್ಲ ಬೇರೆ. ಎಸ್.ಎಸ್. ಬಡಾವಣೆಯ ಒಂದು ಮನೆಯಲ್ಲಿರುವ ಗಂಟುಗಳಿಗಿಂತ ಒಬ್ಬ ಸೈನಿಕನ ಮೈಮೇಲಿನ ಕೊಂಡಿಗಳೇ ಹೆಚ್ಚು. ಚರಿತ್ರೆಯ ಪುಸ್ತಕಗಳಲ್ಲಿ ಸೇನಾಪತಿಗಳ ಹೆಸರಿದೆ. ಆ 15 ಕೋಟಿ ಬಳೆಗಳನ್ನು ಮಾಡಿದವರ ಹೆಸರು ಇರಬೇಕಿತ್ತು.

ರೋಮಿನ ಲೋಹ ನಮ್ಮ ನೆರೆಯ ತನಕವೂ ಬಂದಿತ್ತು. ಚಿತ್ರದುರ್ಗದ ಕೋಟೆಯ ಮಗ್ಗುಲಿನ ಚಂದ್ರವಳ್ಳಿಯಲ್ಲಿ ಅಗಸ್ಟಸ್, ತಿಬೇರಿಯಸ್ ಕಾಲದ ದಿನಾರಿ ಎಂಬ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಪುರಾತತ್ತ್ವಜ್ಞ ಎಂ.ಎಚ್. ಕೃಷ್ಣ ಅವರು 1929ರಲ್ಲಿ ಅಲ್ಲಿ ಉತ್ಖನನ ಮಾಡಿದರು, 1947ರಲ್ಲಿ ಮಾರ್ಟಿಮರ್ ವ್ಹೀಲರ್ ಚಂದ್ರವಳ್ಳಿಯನ್ನೂ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯನ್ನೂ ಅಗೆಸಿದರು. ಅತ್ತ ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ಒಂದೇ ಕಡೆ 163 ರೋಮನ್ ಬೆಳ್ಳಿ ನಾಣ್ಯ ಸಿಕ್ಕವು.

ಒಂದು ದಿನಾರಿಯ ತೂಕ 3.8 ಗ್ರಾಂ ಆಸುಪಾಸು, ಅಗಲ 18 ಮಿಲಿಮೀಟರ್. ನಮ್ಮ ಒಂದು ರೂಪಾಯಿಗಿಂತಲೂ ಸಣ್ಣದು. ಅದನ್ನು ಕರಗಿಸಿ, ತೆಳು ಕೂದಲಿನ ದಪ್ಪಕ್ಕೆ, ಅಂದರೆ 0.05 ಮಿಲಿಮೀಟರಿಗೆ ಎಳೆದರೆ 184 ಮೀಟರ್ ಬರುತ್ತದೆ. ನಾಣ್ಯದ ಅಗಲದ ಹತ್ತು ಸಾವಿರ ಪಟ್ಟು! ಯಶವಂತಪುರದ 163 ನಾಣ್ಯಗಳನ್ನೂ ಹಾಗೆ ಎಳೆದರೆ 30 ಕಿಲೋಮೀಟರ್. ಎಸ್.ಎಸ್. ಬಡಾವಣೆಯಿಂದ ಹರಿಹರಕ್ಕೆ ಹೋಗಿ, ತುಂಗಭದ್ರೆ ನೋಡಿಕೊಂಡು ವಾಪಸ್ ಬರಬಹುದು. ಅಷ್ಟಕ್ಕೂ ಬೆಳ್ಳಿಯ ಒಟ್ಟು ತೂಕ ಮುಕ್ಕಾಲು ಕಿಲೋಗಿಂತ ಕಡಿಮೆ.

ಭಾರತ ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ ಹೀರಿಕೊಳ್ಳುತ್ತಿದೆ ಎಂದು ರೋಮಿನ ಪಂಡಿತ ಪ್ಲಿನಿ ಮರುಗಿದ್ದ. ನಾಲ್ಕು ಸೆಸ್ಟರ್ಸಿಗೆ ಒಂದು ದಿನಾರಿ. ಆ ಮೊತ್ತವನ್ನೆಲ್ಲ ಬೆಳ್ಳಿ ನಾಣ್ಯವೆಂದೇ ತೆಗೆದುಕೊಂಡರೆ 40 ಟನ್ ದಾಟುತ್ತದೆ. ಅದೇ ಕೂದಲೆಳೆಗೆ ಎಳೆದರೆ ಚಂದ್ರನಿಗೆ ಐದು ಸಲ ಮುಟ್ಟುವ ಉದ್ದ. ಒಂದೇ ವರ್ಷದ ವ್ಯಾಪಾರ ಅದು.

ದಾವಣಗೆರೆಯವರಿಗೆ ಎಳೆಯ ಲೆಕ್ಕವನ್ನು ಬೇರೆ ರೀತಿಯಲ್ಲೂ ಹೇಳಬಹುದು. ಒಂದು ಕಾಲಕ್ಕೆ ಹತ್ತಿ ಮಿಲ್ಲುಗಳ ಊರು ನಮ್ಮದು, ನೂಲಿನ ಕೌಂಟ್ ಎಂದರೇನೆಂದು ಇಲ್ಲಿ ಎಷ್ಟೋ ಮನೆಗಳಲ್ಲಿ ಹಿರಿಯರಿಗೆ ಗೊತ್ತು. ಒಂದು ಪೌಂಡ್ ನೂಲಿನಲ್ಲಿ 840 ಗಜದ ಲಡಿ ಎಷ್ಟಿವೆಯೋ ಅಷ್ಟು ಕೌಂಟ್. 40 ಕೌಂಟ್ ಎಂದರೆ ಪೌಂಡಿಗೆ 30 ಕಿಲೋಮೀಟರ್ ಮೀರಿದ ಹತ್ತಿ ನೂಲು. 0.05 ಮಿಲಿಮೀಟರಿನ ಬೆಳ್ಳಿ ತಂತಿಯನ್ನು ಇದೇ ತಕ್ಕಡಿಯಲ್ಲಿಟ್ಟರೆ ಸುಮಾರು 29 ಕೌಂಟ್ ಬರುತ್ತದೆ. ಹತ್ತಿಗಿಂತ ಸುಮಾರು ಏಳು ಪಟ್ಟು ಸಾಂದ್ರವಾದ ಲೋಹ, ನಾವು ದಿನಾ ಉಡುವ ಬಟ್ಟೆಯ ನೂಲಿನ ಹತ್ತಿರಕ್ಕೇ ಬಂದು ನಿಂತುಬಿಟ್ಟಿತು. ಚಿನ್ನ ಇನ್ನೂ ಮುಂದೆ ಹೋಗುತ್ತದೆ. 5 ಮೈಕ್ರಾನ್ ದಪ್ಪಕ್ಕೆ ಎಳೆದರೆ ಒಂದು ಗ್ರಾಂ ಚಿನ್ನದಿಂದ 2.6 ಕಿಲೋಮೀಟರ್ ಬರುತ್ತದೆ, ಕೌಂಟಿನ ಲೆಕ್ಕದಲ್ಲಿ 1,500ರ ಮೇಲೆ. ಅಂಥ ಹತ್ತಿ ನೂಲನ್ನು ಜಗತ್ತಿನ ಯಾವ ಮಿಲ್ಲೂ ತೆಗೆಯಲಾರದು.

ಲೋಹ ನೂಲಿನಷ್ಟು ಹಗುರಾದ ಮೇಲೆ ಅದನ್ನು ನೇಯದೆ ಬಿಡುತ್ತಾರೆಯೇ? ಕ್ರಿ.ಶ. 52ರಲ್ಲಿ ಫುಚಿನೊ ಸರೋವರದಲ್ಲಿ ಚಕ್ರವರ್ತಿ ಕ್ಲಾಡಿಯಸ್ ಏರ್ಪಡಿಸಿದ ಅಣಕು ನೌಕಾಯುದ್ಧಕ್ಕೆ ರಾಣಿ ಅಗ್ರಿಪ್ಪಿನಾ ಬಂದದ್ದು, ಬೇರೆ ಯಾವ ನೂಲೂ ಇಲ್ಲದೆ ಚಿನ್ನದಲ್ಲೇ ನೇಯ್ದ ಮೇಲಂಗಿ ಹೊದ್ದು. ಅದನ್ನು ಕಣ್ಣಾರೆ ಕಂಡೆ ಎಂದು ಬರೆದವನೂ ಪ್ಲಿನಿಯೇ. ಒಂದು ಔನ್ಸ್ ಚಿನ್ನವನ್ನು ನಾಲ್ಕು ಬೆರಳು ಚೌಕದ 750 ರೇಕುಗಳಾಗಿ ತಟ್ಟುತ್ತಾರೆಂದೂ ಅವನು ಲೆಕ್ಕ ಕೊಟ್ಟಿದ್ದಾನೆ. ರೋಮನ್ ಔನ್ಸ್ 27 ಗ್ರಾಂ, ಎರಡೂಕಾಲು ತೊಲೆಯ ಮೇಲೆ ಚೂರು. ಆ 750 ರೇಕುಗಳನ್ನು ಪಕ್ಕ ಪಕ್ಕ ಹಾಸಿದರೆ ನಾಲ್ಕು ಚದರ ಮೀಟರ್ ತುಂಬುತ್ತದೆ, ಒಂದು ಸೀರೆಯ ಮೂರರಲ್ಲಿ ಎರಡು ಭಾಗ. ಇಂಥ ತೆಳು ಚಿನ್ನದ ಪಟ್ಟಿಯನ್ನು ರೇಷ್ಮೆಯದೋ ಬೇರೆ ನಾರಿನದೋ ಎಳೆಯ ಸುತ್ತ ಸುರುಳಿಯಾಗಿ ಸುತ್ತಿದರೆ ಚಿನ್ನದ ನೂಲು ಸಿದ್ಧ.

ಅದೇ ನಮ್ಮ ಜರಿ. ವ್ಹೀಲರ್ ಅಗೆಸಿದ ಬ್ರಹ್ಮಗಿರಿ ಇರುವ ತಾಲ್ಲೂಕಿನಲ್ಲೇ ಮೊಳಕಾಲ್ಮೂರು ಸೀರೆಯ ಮಗ್ಗಗಳಿವೆ. ಇತ್ತ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ 1912ರಲ್ಲಿ ಸ್ವಿಟ್ಜರ್ಲೆಂಡಿನಿಂದ 32 ಮಗ್ಗ ತರಿಸಿ ರೇಷ್ಮೆ ನೇಯ್ಗೆ ಕಾರ್ಖಾನೆ ಹೂಡಿದರು. ಇವತ್ತು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ ನಡೆಸುವ ಆ ಕಾರ್ಖಾನೆಯ ಮೈಸೂರು ಸಿಲ್ಕ್ ಸೀರೆಯ ಜರಿಯಲ್ಲಿ ಬೆಳ್ಳಿ ಶೇ. 65, ಚಿನ್ನ ಶೇ. 0.65. ನೂರು ಪಾಲು ಬೆಳ್ಳಿಗೆ ಒಂದು ಪಾಲು ಚಿನ್ನ. ಇಷ್ಟು ಕಡಿಮೆಯೇ ಎಂದು ಮೂಗು ಮುರಿಯುವವರಿದ್ದಾರೆ. ನನಗಂತೂ ಇಷ್ಟರಲ್ಲೇ ಅಷ್ಟು ಹೊಳಪು ಹೇಗೆ ಎಂಬುದೇ ಬೆರಗು. ಬೆಳ್ಳಿಯ ಎಳೆ 0.05 ಮಿಲಿಮೀಟರಿನ ದುಂಡು ತಂತಿ ಎಂದಿಟ್ಟುಕೊಂಡು ಆ ಒಂದು ಪಾಲು ಚಿನ್ನವನ್ನು ಅದರ ಮೈಗೆಲ್ಲ ಸಮನಾಗಿ ಹಚ್ಚಿದರೆ, ಲೇಪದ ದಪ್ಪ ಮಿಲಿಮೀಟರಿನ ಹದಿನೈದು ಸಾವಿರದಲ್ಲೊಂದು ಭಾಗ. ಚಿನ್ನದ ಪರಮಾಣುಗಳನ್ನು ಒಂದರ ಮೇಲೊಂದು ಪೇರಿಸಿದರೆ ಇನ್ನೂರು, ಇನ್ನೂರೈವತ್ತು. ಅಷ್ಟೇ. ಅಷ್ಟನ್ನು ಉಟ್ಟುಕೊಂಡು ಮದುವೆ ಮನೆಯಲ್ಲಿ ಓಡಾಡಿ, ಮಡಚಿಟ್ಟು, ಮೂವತ್ತು ವರ್ಷದ ಮೇಲೆ ಮಗಳಿಗೆ ಕೊಡುತ್ತಾರೆ.

ಚಿನ್ನದ ಮಾತು ಬಂದಮೇಲೆ ಕೋಲಾರವನ್ನು ಬಿಡುವಂತಿಲ್ಲ. ಜಾನ್ ಟೇಲರ್ ಕಂಪನಿ 1880ರಲ್ಲಿ ಕಾಲಿಟ್ಟ ಅಲ್ಲಿನ ಗಣಿಗಳು 2001ರಲ್ಲಿ ಮುಚ್ಚುವಷ್ಟರಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟಿದ್ದವು. ಕೊನೆಗಾಲದಲ್ಲಿ ಟನ್ ಕಲ್ಲು ಪುಡಿ ಮಾಡಿದರೆ ಸಿಗುತ್ತಿದ್ದದ್ದು ಮೂರು ಗ್ರಾಮಿನಷ್ಟು. ಆ 800 ಟನ್ನನ್ನೂ 5 ಮೈಕ್ರಾನ್ ಎಳೆಯಾಗಿ ಮಾಡಿದರೆ 210 ಕೋಟಿ ಕಿಲೋಮೀಟರ್. ಸೂರ್ಯನಿಗೂ ನಮಗೂ ಇರುವ ದೂರದ ಹದಿನಾಲ್ಕು ಪಟ್ಟು. ಅದಕ್ಕೆ ಬೇಕಾದ ಚಿನ್ನ ಕರ್ನಾಟಕದ ಒಂದೇ ಊರಿನ ನೆಲದೊಳಗಿತ್ತು.

ಆ ಚಿನ್ನ ಮೇಲೆ ಬರುವುದಕ್ಕೂ ತಂತಿಯೇ ಬೇಕಾಯಿತು. 1902ರ ಜೂನ್ 30ರಂದು ಶಿವನಸಮುದ್ರದ ಜಲವಿದ್ಯುತ್ ಕೋಲಾರದ ಗಣಿಗಳಿಗೆ ಹರಿಯಿತು. ದೂರ 147 ಕಿಲೋಮೀಟರ್, ವಾಹಕ ತಾಮ್ರದ ತಂತಿ. ಮೂರು ಫೇಸಿನ ಒಂದೇ ಸಾಲು ಎಂದರೂ 441 ಕಿಲೋಮೀಟರ್ ತಾಮ್ರ, ಕಂಬದಿಂದ ಕಂಬಕ್ಕೆ ಎತ್ತಿ ಕಟ್ಟಿದ್ದು ಎತ್ತಿನ ಗಾಡಿಯ ಕಾಲದಲ್ಲಿ. ಅಷ್ಟು ದೂರ ವಿದ್ಯುತ್ ಒಯ್ದ ಉದಾಹರಣೆ ಆಗ ಏಷ್ಯಾದಲ್ಲಿ ಬೇರೆ ಇರಲಿಲ್ಲ. ಗಣಿಯ ಆಳ ಮುಂದೆ ಮೂರು ಕಿಲೋಮೀಟರ್ ದಾಟಿತು. ಜನರನ್ನೂ ಅದಿರನ್ನೂ ಹೊತ್ತ ಪಂಜರಗಳು ಉಕ್ಕಿನ ತಂತಿ ಹಗ್ಗದಲ್ಲಿ ತೂಗುತ್ತ ಇಳಿದವು, ಏರಿದವು.

ತಂತಿ ಹಗ್ಗದ ಜನ್ಮ 1834ರಲ್ಲಿ, ಜರ್ಮನಿಯ ಹಾರ್ಟ್ಸ್ ಬೆಟ್ಟಗಳ ಗಣಿಯಲ್ಲಿ ಎಂದು ಎಂಜಿನಿಯರಿಂಗ್ ಚರಿತ್ರೆ ಹೇಳುತ್ತದೆ. ವಿಲ್ಹೆಲ್ಮ್ ಆಲ್ಬರ್ಟ್ ಎಂಬ ಗಣಿ ಅಧಿಕಾರಿ ನಾಲ್ಕು ನಾಲ್ಕು ತಂತಿ ಹೊಸೆದ ಮೂರು ಹುರಿಗಳನ್ನು ಸೇರಿಸಿ ಹಗ್ಗ ಮಾಡಿದ. ಆದರೆ ನೇಪಲ್ಸಿನ ವಸ್ತುಸಂಗ್ರಹಾಲಯಕ್ಕೆ ಸೇರಿದ ಒಂದು ತುಂಡು ಈ ಮಾತನ್ನು ಸ್ವಲ್ಪ ತಿದ್ದುತ್ತದೆ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಬೂದಿಯಡಿ ಹೂತುಹೋದ ಪೊಂಪೆಯಲ್ಲಿ ಸಿಕ್ಕ ಕಂಚಿನ ತಂತಿ ಹಗ್ಗ ಅದು. ಉದ್ದ ಸುಮಾರು ನಾಲ್ಕೂವರೆ ಮೀಟರ್. ಮೂರು ಹುರಿ, ಒಂದೊಂದು ಹುರಿಗೆ 15 ತಂತಿ, ಒಟ್ಟು 45. ಆಲ್ಬರ್ಟನ ಹಗ್ಗದಲ್ಲಿ ಇದ್ದದ್ದು 12. ಕಾಲದ ಅಂತರ 1,755 ವರ್ಷ, ವಿನ್ಯಾಸ ಹೆಚ್ಚೂ ಕಡಿಮೆ ಒಂದೇ. ಕಂಚನ್ನು ಅಷ್ಟು ಎಳೆಯಾಗಿಸಿ, ಹದ ಮಾಡಿ, ಹುರಿಗೊಳಿಸಿ, ಮೂರು ಹುರಿಯನ್ನು ಮತ್ತೆ ಹೊಸೆದ ಆ ಕೆಲಸಗಾರನಿಗೆ ಹಗ್ಗದ ಶಕ್ತಿ ಎಲ್ಲಿರುತ್ತದೆಂದು ಚೆನ್ನಾಗಿ ಗೊತ್ತಿತ್ತು.

ಶಕ್ತಿ ಇರುವುದು ಹಂಚಿಕೆಯಲ್ಲಿ. ಸರಪಳಿಯಲ್ಲಿ ಒಂದು ಕೊಂಡಿ ಹೋದರೆ ಎಲ್ಲವೂ ಹೋಯಿತು. ಆಲ್ಬರ್ಟನ ಗಣಿಯಲ್ಲಿ ಆಗುತ್ತಿದ್ದ ಅನಾಹುತವೂ ಅದೇ. 45 ಎಳೆಗಳ ಹಗ್ಗದಲ್ಲಿ ಒಂದು ಎಳೆ ಕಡಿದರೆ ಅದರ ಭಾರ ಉಳಿದ 44ರ ಮೇಲೆ ಹರಡುತ್ತದೆ. ಹೊಸೆದ ಬಿಗುವಿಗೆ ಎಳೆಗಳು ಒಂದನ್ನೊಂದು ಅಪ್ಪಿ ಹಿಡಿದಿರುವುದರಿಂದ, ಕಡಿದ ಎಳೆ ಕೂಡ ಕೊಂಚ ದೂರದಲ್ಲಿ ಮತ್ತೆ ಭಾರ ಹೊರಲು ಶುರು ಮಾಡುತ್ತದೆ.

ಈ ಹಂಚಿಕೆಯನ್ನು ನಂಬಿ ದಕ್ಷಿಣ ಕನ್ನಡದ ಸುಳ್ಯದವರಾದ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ಹೊಳೆಗೆ ತೂಗುಸೇತುವೆ ಕಟ್ಟಿದರು. ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಮುಂದೆ ಕರ್ನಾಟಕ, ಕೇರಳ, ತೆಲಂಗಾಣ, ಒಡಿಶಾಗಳಲ್ಲಿ ಇಂಥ ನೂರಿಪ್ಪತ್ತಕ್ಕೂ ಹೆಚ್ಚು ಕಾಲುಸೇತುವೆಗಳನ್ನು ಅವರು ಕಟ್ಟಿದರು. 2017ರಲ್ಲಿ ಪದ್ಮಶ್ರೀ ಬಂತು. ಮಳೆಗಾಲದಲ್ಲಿ ದೋಣಿ ನಿಂತರೆ ಶಾಲೆಯೂ ಆಸ್ಪತ್ರೆಯೂ ದೂರವಾಗಿಬಿಡುತ್ತಿದ್ದ ಊರುಗಳವು. ಅಂಥ ಸೇತುವೆಯ ಹಗ್ಗವನ್ನು ಪರೀಕ್ಷಿಸುವವರು ಮೊದಲು ನೋಡುವುದು ಒಂದು ಪೂರ್ತಿ ಸುತ್ತಿನ ಉದ್ದದಲ್ಲಿ ಎಷ್ಟು ಎಳೆ ಕಡಿದಿವೆ ಎಂಬುದನ್ನು. ಸಂಖ್ಯೆ ಮಿತಿಯೊಳಗಿದ್ದರೆ ಗ್ರೀಸ್ ಹಚ್ಚಿ ಹಾಗೇ ಬಿಡುತ್ತಾರೆ, ದಾಟಿದರೆ ಹಗ್ಗ ಬದಲಿಸುತ್ತಾರೆ.